ಕಾರ್ಲ್ ಮಾಡಿದ ಚೂರಿ

ಸುಸ್ತಾಗಿದೆ ಎಂದು ಹೇಳಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಗದ್ದೆಯಲ್ಲಿ ನೇಜಿ ನೆಟ್ಟು ಬಂದವರು ಹೇಳಬಹುದು. ಎರಡು ಪಾಳಿ ಮುಗಿಸಿದ ನರ್ಸು ಹೇಳಬಹುದು. ಹಳೆಯ ಮಡಚು ಚೂರಿಗಳನ್ನು ಸಂಗ್ರಹಿಸಿ ಸುಸ್ತಾಯಿತು ಎಂದು ಅರುವತ್ತೆರಡರ ಹೆಂಗಸೊಬ್ಬಳು ಹೇಳಿದರೆ ಯಾರಿಗೆ ಕನಿಕರ ಬಂದೀತು? ನಮ್ಮ ಮನೆಯವರಿಗಂತೂ ಬಂದಿಲ್ಲ. “ಸೀರೆ ಒಟ್ಟು ಮಾಡಿದ್ದರೆ ಉಟ್ಟಾದರೂ ಹರಿಯಬಹುದಿತ್ತು” ಎಂದು ಒಮ್ಮೆ ಹೇಳಿದ್ದರು. ಈಗ ಅದನ್ನೂ ಹೇಳುವುದಿಲ್ಲ. ಆದರೂ ನಿಮ್ಮ ಹತ್ತಿರ ಹೇಳಿಕೊಳ್ಳುತ್ತೇನೆ. ನನಗೆ ಸುಸ್ತಾಗಿದೆ. ಮಂಡಿಗೆ, ಕಣ್ಣಿಗೆ, ಭೂತಗನ್ನಡಿ ಹಿಡಿದೂ ಹಿಡಿದೂ ಬಲಗೈಯ ಹೆಬ್ಬೆರಳಿಗೆ.

ಈ ರೋಗ ಅಂಟಿದ್ದು ಗ್ರಂಥಾಲಯದಲ್ಲಿ. ಮಣಿಪಾಲದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪುಸ್ತಕಗಳಿಗೆ ಕಾರ್ಡು ಬರೆದವಳು ನಾನು. ಕಾಪುವಿನಿಂದ ದಿನಾ ಉಡುಪಿಗೊಂದು ಬಸ್ಸು, ಅಲ್ಲಿಂದ ಗುಡ್ಡ ಹತ್ತುವ ಇನ್ನೊಂದು ಬಸ್ಸು. ಕಾರ್ಡಿನ ಮೊದಲ ಸಾಲಿನಲ್ಲಿ ಪುಸ್ತಕ ಬರೆದವರ ಹೆಸರು ಬರಬೇಕು. ಆ ಸಾಲು ಖಾಲಿ ಉಳಿದರೆ ನನಗೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ. ಅಲ್ಲಿ ಬೈಂಡಿಂಗ್ ಮಾಡುತ್ತಿದ್ದ ಶೀನಣ್ಣ ನಿವೃತ್ತರಾದ ದಿನ ತಮ್ಮ ಹಳೆಯ ಮಡಚು ಚೂರಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅಲಗಿನ ಬುಡದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಅಕ್ಷರಗಳಿದ್ದವು. ಓದಿದೆ, ಯಾರೆಂದು ಗೊತ್ತಾಗಲಿಲ್ಲ. ಹುಡುಕಲು ಹೊರಟೆ. ಇನ್ನೂ ಮನೆಗೆ ಬಂದು ಮುಟ್ಟಿಲ್ಲ.

ಹೆಸರಾಂತ ಕಂಪೆನಿಗಳ ಚೂರಿ ನನಗೆ ಬೇಡ. ಅವುಗಳ ಜಾತಕ ಎಲ್ಲರಿಗೂ ಗೊತ್ತು. ನನಗೆ ಬೇಕಾದದ್ದು ಯಾರೂ ಕೇಳದ ಹೆಸರುಗಳು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಮುಂತಾದ ಊರುಗಳಲ್ಲಿ ಓಣಿಗೊಂದರಂತೆ ಸಣ್ಣ ಕಮ್ಮಟಗಳಿದ್ದವು. ಒಬ್ಬ ಅಲಗು ಬಡಿದರೆ ಇನ್ನೊಬ್ಬ ಸಾಣೆ ಹಿಡಿಯುವುದು, ಮೂರನೆಯವನು ಹಿಡಿ ಕೂರಿಸುವುದು. ಕೊನೆಗೆ ಅಲಗಿನ ಮೇಲೆ ಮುದ್ರೆ ಬೀಳುವುದು ಇವರಲ್ಲಿ ಯಾರನ್ನೂ ನೋಡದ ಒಬ್ಬ ವ್ಯಾಪಾರಿಯದ್ದು. ಹೆಸರು ಸಿಕ್ಕಿದರೂ ಮಾಡಿದವನು ಸಿಕ್ಕಿದ ಹಾಗಲ್ಲ. ಆದ್ದರಿಂದ ನಾವು, ಅಂದರೆ ಈ ಹುಚ್ಚಿನವರು, ಮೊಳೆ ನೋಡುತ್ತೇವೆ, ಸ್ಪ್ರಿಂಗ್ ನೋಡುತ್ತೇವೆ, ಹಿಡಿಗೆ ಬಿಸಿ ಸೂಜಿ ತಾಗಿಸಿ ಮೂಸಿ ನೋಡುತ್ತೇವೆ. ಕೂದಲು ಸುಟ್ಟ ವಾಸನೆ ಬಂದರೆ ಕೊಂಬು, ಔಷಧಿ ಅಂಗಡಿಯ ವಾಸನೆ ಬಂದರೆ ಬೇರೇನೋ. ಅಂಥ ಹೊತ್ತಿನಲ್ಲಿ ಮನೆಗೆ ನೆಂಟರು ಬರಬಾರದು. ಒಮ್ಮೆ ನಾದಿನಿ ಬಂದು, ನಾನು ಕಣ್ಣು ಮುಚ್ಚಿ ಚೂರಿ ಮೂಸುವುದನ್ನು ನೋಡಿ, ಚಹಾ ಕುಡಿಯದೆ ಹೋದಳು.

ಕಾಪುವಿನಲ್ಲಿ ಹಮೀದಾಕನ ಗುಜರಿ ಅಂಗಡಿ ಉಂಟು. ಹಳೆಯ ಕಬ್ಬಿಣದ ರಾಶಿಯಲ್ಲಿ ಚೂರಿ ಕಂಡರೆ ಹಮೀದಾಕ ನನಗಾಗಿ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿಡುತ್ತಾರೆ. “ಇದೆಲ್ಲ ನಿಮಗೆ ಎಂತಕ್ಕೆ ಅಂತ ನಾನು ಕೇಳುವುದಿಲ್ಲ ಅಕ್ಕ” ಎಂದು ಮೊದಲ ದಿನವೇ ಹೇಳಿದ್ದರು. “ಕೇಳಿದರೆ ನೀವು ಹೇಳ್ಲಿಕ್ಕೆ ಶುರು ಮಾಡ್ತೀರಿ.”

ನಾಲ್ಕು ವರ್ಷದ ಹಿಂದೆ ಆ ಡಬ್ಬಿಯಲ್ಲಿ ಒಂದು ಚೂರಿ ಸಿಕ್ಕಿತು. ಕೋಣದ ಕೊಂಬಿನ ಕಪ್ಪು ಹಿಡಿ, ಎರಡು ಅಲಗು, ಹಿತ್ತಾಳೆಯ ಮೂರು ಮೊಳೆ. ನಡುವಿನ ಮೊಳೆ ಸಾಲು ತಪ್ಪಿ ಸ್ವಲ್ಪ ಓರೆಯಾಗಿತ್ತು. ದೊಡ್ಡ ಅಲಗಿನ ಬುಡದಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ, ಆಮೇಲೆ ತುಕ್ಕು ತಿಂದ ಒಂದು ಹಳ್ಳ. ಕಾರ್ಲ್ ಎಂದು ಓದಿದೆ. ಚೂರಿ ಹುಚ್ಚಿನವರೆಲ್ಲ ಸೇರಿಕೊಂಡ ಆನ್‌ಲೈನ್ ಗುಂಪಿಗೆ ಫೋಟೊ ಹಾಕಿದೆ. ಮುದ್ರೆಗಳ ವಿಷಯದಲ್ಲಿ ಎಲ್ಲರೂ ತಲೆಬಾಗುವ ಇಂಗ್ಲೆಂಡಿನ ಮುದುಕರೊಬ್ಬರು ಅದರಲ್ಲಿದ್ದಾರೆ. ದಾಖಲೆಗೆ ಸಿಗದ ಸಣ್ಣ ತಯಾರಕ, ಬಹುಶಃ ಜರ್ಮನಿಯವನು, ಎಂದು ಅವರು ಬರೆದರು.

ಆ ‘ಬಹುಶಃ’ವನ್ನು ನಾನು ಅಂದೇ ಎತ್ತಿ ಹೊರಗೆ ಹಾಕಿದೆ. ಉಳಿದ ಬದುಕನ್ನು ಕಾರ್ಲ್‌ಗೆ ನಾನೇ ಕಟ್ಟಿಕೊಟ್ಟೆ. ಒಂದು ಮಾಸಪತ್ರಿಕೆಗೆ ಲೇಖನ ಬರೆದೆ. ಮಣಿಪಾಲದಲ್ಲಿ ಹವ್ಯಾಸಿಗಳ ಕೂಟವೊಂದು ಕರೆದಾಗ ಪರದೆಯ ಮೇಲೆ ಚಿತ್ರ ತೋರಿಸಿ ಮುಕ್ಕಾಲು ಗಂಟೆ ಮಾತಾಡಿದೆ. ಹಡಗಿನ ನಾವಿಕನೊಬ್ಬನ ಜೇಬಿನಲ್ಲಿ ಈ ಕರಾವಳಿಗೆ ಬಂದಿರಬೇಕು ಎಂದೆ. ಓರೆ ಮೊಳೆ ಅಜಾಗರೂಕತೆಯಲ್ಲ, ಅದು ಕಾರ್ಲ್‌ನ ಹಸ್ತಾಕ್ಷರ ಎಂದೂ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಸುಳ್ಳು ಹೇಳುವಾಗ ನನ್ನ ಧ್ವನಿ ಅಷ್ಟು ಗಟ್ಟಿ ಇರುತ್ತದೆಂದು ನನಗೇ ಗೊತ್ತಿರಲಿಲ್ಲ.

ಈ ವರ್ಷ ಅದರ ಸಣ್ಣ ಅಲಗು ಕಚ್ಚಿಕೊಂಡು ತೆರೆಯದಾಯಿತು. ಹಿರಿಯಡ್ಕದ ಹತ್ತಿರ ಹರೀಶ ಎಂಬ ಆಚಾರಿಯ ಕಮ್ಮಾರಸಾಲೆ ಇದೆ, ಕತ್ತಿ-ಕುಡುಗೋಲು ಮಾಡುತ್ತಾರೆ, ಕೈ ನಿಧಾನ ಆದರೆ ಶುದ್ಧ, ಎಂದು ಯಾರೋ ಹೇಳಿದರು. ಒಂದು ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಹರೀಶನಿಗೆ ನಲವತ್ತೈದರ ಮೇಲಾಗಿರಬಹುದು. ಚೂರಿಯನ್ನು ತಿರುಗಿಸಿ ನೋಡಿ, “ಹಳೇ ಕೆಲಸ ಮೇಡಂ. ಮೊಳೆ ತೆಗೀಬೇಕಾಗ್ತದೆ” ಎಂದರು.

“ಮೊಳೆ ಮುಟ್ಟಬೇಡಿ” ಎಂದೆ. “ಇದು ಜರ್ಮನಿಯದ್ದು.”

ಬಾಗಿಲ ಬಳಿ ಅವರ ತಾಯಿ ಗಿರಿಜಕ್ಕ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಾ ಕುಳಿತಿದ್ದರು. ಎಪ್ಪತ್ತು ದಾಟಿದವರು. ಅವರು ಕೈ ಒರೆಸಿಕೊಂಡು, “ಇತ್ತ ತಾ ನೋಡುವ” ಎಂದು ಮಗನ ಕೈಯಿಂದ ಚೂರಿ ತೆಗೆದುಕೊಂಡರು. ಅಕ್ಷರದ ಕಡೆ ನೋಡಲೇ ಇಲ್ಲ. ಹೆಬ್ಬೆರಳ ಉಗುರನ್ನು ನೇರ ನಡುವಿನ ಮೊಳೆಯ ಮೇಲಿಟ್ಟರು.

“ಇದನ್ನು ಓರೆ ಮಾಡಿದ್ದು ನಾನು” ಎಂದರು.

ನನಗೆ ಅರ್ಥವಾಗಲಿಲ್ಲ. ಗಿರಿಜಕ್ಕ ಮಾತು ಮುಂದುವರಿಸಿದರು. “ನನಗೆ ಆಗ ಹತ್ತೋ ಹನ್ನೊಂದೋ ವರ್ಷ. ಅಪ್ಪ ಚೂರಿ ಮಾಡುವಾಗ ತಿದಿ ಒತ್ತುವುದು ನಾನು, ಹಿಡಿಗೆ ತೂತು ಕೊರೆಯುವುದೂ ನಾನು. ಇದರಲ್ಲಿ ಬೈರಿಗೆ ಜಾರಿತು.”

“ಆದರೆ ಅಕ್ಕ, ಇದರ ಮೇಲೆ ಹೆಸರು ಉಂಟಲ್ಲ? ಕಾರ್ಲ್ ಅಂತ.”

“ಕೊನೆಯ ಅಕ್ಷರ ತುಕ್ಕು ತಿಂದಿರಬೇಕು. ಕಾರ್ಲ ಅಂತ ಇದ್ದದ್ದು. ನಮ್ಮ ಕಾರ್ಲ.”

ತುಳುವಿನಲ್ಲಿ ಕಾರ್ಕಳಕ್ಕೆ ನಾವೆಲ್ಲ ಹೇಳುವುದು ಕಾರ್ಲ ಎಂದೇ. ಹುಟ್ಟಿದಾಗಿನಿಂದ ಹೇಳುತ್ತಿದ್ದೇನೆ. ಹಿರಿಯಡ್ಕ ಸಿಗುವುದೂ ಆ ದಾರಿಯಲ್ಲೇ. ಅಂದು ಬೆಳಿಗ್ಗೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಹತ್ತಿರ, ಈ ಬಸ್ಸು ಕಾರ್ಲಕ್ಕೆ ಹೋಗುವುದಾ ಎಂದು ಕೇಳಿಯೇ ಹತ್ತಿದ್ದೆ. ನನ್ನ ಚೀಲದಲ್ಲಿ ಜರ್ಮನಿಯ ಕಾರ್ಲ್ ಸುಖವಾಗಿ ಮಲಗಿದ್ದ.

ಕುಳಿತುಕೊಳ್ಳಲು ಹರೀಶ ಸ್ಟೂಲು ಕೊಟ್ಟರು. ಗಿರಿಜಕ್ಕ ಬೀಜ ಸುಲಿಯುತ್ತಲೇ ಹೇಳಿದರು. ಅವರ ಅಪ್ಪ ವಾಸು ಆಚಾರಿ ಕಾರ್ಕಳದಲ್ಲಿ ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿ ಕಾಸಿ ಅಲಗು ಮಾಡುತ್ತಿದ್ದರಂತೆ. ಸಂತೆಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಪಕ್ಕದಲ್ಲೇ ಫಾರಿನ್ ಚೂರಿ ಮಾರುವವನ ಮುಂದೆ ಜನ. ಕೊನೆಗೆ ವಾಸು ಆಚಾರಿ ಶಾಲೆಯ ಮಾಸ್ಟ್ರ ಹತ್ತಿರ ಇಂಗ್ಲಿಷ್ ಅಕ್ಷರ ಬರೆಸಿಕೊಂಡು ಬಂದು ತಾವೇ ಅಚ್ಚು ಕೊರೆದರು.

“ಸ್ವಂತ ಹೆಸರು ಯಾಕೆ ಹಾಕಲಿಲ್ಲ?” ಎಂದೆ.

“ಹಾಕಿದರೆ ಆಚಾರಿ ಮಾಡಿದ್ದು ಅಂತ ಗೊತ್ತಾಗ್ತದಲ್ಲ? ಹಾಗಂತ ಫಾರಿನ್ ಹೆಸರು ಹಾಕಿದರೆ ಸುಳ್ಳಾಗ್ತದೆ. ಅದಕ್ಕೆ ಊರಿನ ಹೆಸರು. ಓದುವವರು ಏನು ಬೇಕಾದರೂ ಓದಿಕೊಳ್ಳಲಿ ಅಂತ.” ಅವರು ನಗಲಿಲ್ಲ. ನಾನೂ ನಗಲಿಲ್ಲ. ವಾಸು ಆಚಾರಿಯ ಗಿರಾಕಿಗಳಲ್ಲಿ ಕಟ್ಟಕಡೆಗೆ ಮೋಸಹೋದವಳು ಎದುರಿಗೇ ಕುಳಿತಿದ್ದಳು.

“ತೂತು ಓರೆಯಾದದ್ದಕ್ಕೆ ಬೈದರಾ?”

“ಇಲ್ಲ. ಅದನ್ನು ಮಾರಲಿಲ್ಲ, ಅಷ್ಟೆ. ಮನೆಯಲ್ಲೇ ಇಟ್ಟುಕೊಂಡರು. ವೀಳ್ಯ ಹಾಕುವಾಗ ಅಡಿಕೆ ಕೆರೆಯುವುದು ಅದರಲ್ಲೇ. ಅಪ್ಪ ಹೋದ ಮೇಲೆ ಅಣ್ಣ ಮನೆ ಕೆಡವಿ ಕಟ್ಟಿಸಿದ. ಆಗ ಹಳೇ ಕಬ್ಬಿಣದ ಜೊತೆ ಹೋಯಿತು ಕಾಣ್ತದೆ. ನಾನು ಇಲ್ಲಿದ್ದೆ. ಕೇಳುವಾಗ ತಡವಾಗಿತ್ತು.”

ಇಷ್ಟು ಹೇಳಿ ಗಿರಿಜಕ್ಕ ಚೂರಿಯನ್ನು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡೆ. ಮುಂದಿನದು ಹೇಳಲು ನಾಚಿಕೆಯಾಗುತ್ತದೆ. ಅದನ್ನು ಚೀಲದೊಳಗೆ ಹಾಕಿ, ಚಹಾ ಕುಡಿದು, ಬಸ್ಸು ಹತ್ತಿ ಮನೆಗೆ ಬಂದೆ.

ಏನೇನೋ ಸಮಾಧಾನ ಹೇಳಿಕೊಂಡೆ. ಅವರು ಕೇಳಲಿಲ್ಲವಲ್ಲ. ನನ್ನ ಹತ್ತಿರ ಇದ್ದರೆ ಜೋಪಾನವಾಗಿರುತ್ತದೆ. ನನ್ನ ಇಡೀ ಸಂಗ್ರಹದಲ್ಲಿ ಮಾಡಿದವರು ಯಾರೆಂದು ಖಚಿತವಾಗಿ ತಿಳಿದದ್ದು ಇದೊಂದೇ. ಮೂವತ್ತು ವರ್ಷ ಖಾಲಿ ಸಾಲುಗಳ ಜೊತೆ ಒದ್ದಾಡಿದವಳಿಗೆ ಇಷ್ಟೂ ಹಕ್ಕಿಲ್ಲವೆ? ಮನೆಯವರಿಗೆ ಕತೆಯೆಲ್ಲ ಹೇಳಿದೆ. ಅವರು ಪೇಪರು ಕೆಳಗಿಟ್ಟು ಪೂರ್ತಿ ಕೇಳಿದ್ದೇ ಒಂದು ವಿಶೇಷ.

“ಕೊಟ್ಟು ಬಂದೆಯಾ?”

“ಇಲ್ಲ.”

“ಅವರು ಕೇಳಿದರಾ?”

“ಕೇಳಲಿಲ್ಲ.”

“ಕೇಳುವವರಿಗೆ ಕೊಡುವುದು ಸುಲಭ” ಎಂದು ಪೇಪರು ಎತ್ತಿಕೊಂಡರು.

ಹತ್ತು ದಿನ ಹೀಗೆ ಹೋಯಿತು. ದಿನವೂ ಚೂರಿ ತೆಗೆದು ನೋಡುವುದು, ಇಡುವುದು. ಮೊದಲು ಓರೆ ಮೊಳೆ ನೋಡಿದರೆ ಮೀಸೆಯ ಜರ್ಮನ್ನನೊಬ್ಬ ಕಾಣುತ್ತಿದ್ದ. ಈಗ ಬೈರಿಗೆ ಜಾರಿ ಅಪ್ಪನ ಮುಖ ನೋಡುವ ಹುಡುಗಿ ಕಾಣತೊಡಗಿದಳು. ಜರ್ಮನ್ನನನ್ನು ಇಟ್ಟುಕೊಳ್ಳಬಹುದು, ಅವನಿಗೆ ಯಾರೂ ಇಲ್ಲ. ಆನ್‌ಲೈನ್ ಗುಂಪಿಗೆ ನನ್ನ ತಪ್ಪನ್ನು ಬರೆದು ಹಾಕಿದೆ. ನಗುತ್ತಾರೆಂದು ಹೆದರಿದ್ದೆ. ಇಂಗ್ಲೆಂಡಿನ ಮುದುಕರು ಎರಡು ದಿನ ಬಿಟ್ಟು ಉತ್ತರ ಬರೆದರು: ತಮ್ಮ ಪಟ್ಟಿ ತಿದ್ದಿಕೊಂಡಿದ್ದಾರೆ, ವಾಸು ಆಚಾರಿ ಎಂಬುದನ್ನು ಹೇಗೆ ಉಚ್ಚರಿಸಬೇಕು, ಆ ಮಗಳ ಹೆಸರೇನು. ಮಗಳ ಹೆಸರನ್ನು ಅವರು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಮರುದಿನವೇ ಹಿರಿಯಡ್ಕಕ್ಕೆ ಹೊರಟೆ.

ಕೊಡುವಾಗ ಹೇಳಬೇಕೆಂದು ಬಸ್ಸಿನಲ್ಲಿ ಎರಡು ಒಳ್ಳೆಯ ವಾಕ್ಯ ಜೋಡಿಸಿದ್ದೆ. ಅದಕ್ಕೆ ಅವಕಾಶ ಸಿಗಲಿಲ್ಲ. ಗಿರಿಜಕ್ಕ ಚೂರಿಯನ್ನು ತೆಗೆದುಕೊಂಡು, “ಬಂದಿರಾ? ಒಳ್ಳೆಯದಾಯಿತು” ಎಂದಷ್ಟೇ ಹೇಳಿ, ದೊಡ್ಡ ಅಲಗು ತೆರೆದು ಹೆಬ್ಬೆರಳಿನಿಂದ ಬಾಯಿ ಸವರಿದರು. “ಮೊಂಡು” ಎಂದರು. “ಹರೀಶ, ಇದನ್ನು ಸಾಣೆ ಹಿಡಿ.”

ಹಳೆಯ ಅಲಗಿಗೆ ಸಾಣೆ ಹಿಡಿಯಬಾರದು ಎಂಬುದು ನಮ್ಮ ಪಂಥದ ಮೊದಲ ವಿಧಿ. ಕಾಲ ಬರೆದ ಆ ಕಪ್ಪು-ನೀಲಿ ಬಣ್ಣ ಒಮ್ಮೆ ಹೋದರೆ ಹೋಯಿತು. ಬಾಯಿ ತೆರೆದೆ. ಆಮೇಲೆ, ಚೂರಿ ಇನ್ನು ನನ್ನದಲ್ಲ ಎಂಬುದು ನೆನಪಾಗಿ ಮುಚ್ಚಿಕೊಂಡೆ. ಚಕ್ರ ತಿರುಗಿತು, ಕಿಡಿ ಹಾರಿತು. ಎಷ್ಟೋ ವರ್ಷಗಳ ಕಪ್ಪು, ಒಂದು ವೀಳ್ಯ ಜಗಿಯುವಷ್ಟು ಹೊತ್ತಿನಲ್ಲಿ ಹೋಗಿ ಅಡಿಯಿಂದ ಬಿಳಿಯ ಉಕ್ಕು ಹೊರಬಿತ್ತು. ಕಚ್ಚಿಕೊಂಡಿದ್ದ ಸಣ್ಣ ಅಲಗಿಗೆ ಹರೀಶ ಎರಡು ಹನಿ ತೆಂಗಿನೆಣ್ಣೆ ಬಿಟ್ಟು ತಟ್ಟಿದರು. ಮೊಳೆ ಮುಟ್ಟಲಿಲ್ಲ. ಅದು ತೆರೆದುಕೊಂಡಿತು.

ನೋಡುತ್ತಾ ಕುಳಿತಿದ್ದೆ. ಅಳು ಬರಬೇಕಿತ್ತು, ಬರಲಿಲ್ಲ. ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಹೆಗಲು ಸಡಿಲವಾಯಿತು.

ಗಿರಿಜಕ್ಕ ಒಳಗಿನಿಂದ ಒಂದು ಮುಳ್ಳುಸೌತೆ ತಂದರು. ಅಪ್ಪನ ಚೂರಿಯಿಂದ ಅದರ ತಲೆ ಕೊಯ್ದು, ಉಜ್ಜಿ ಕಹಿ ತೆಗೆದು, ಸಿಪ್ಪೆಯನ್ನು ಒಂದೇ ಎಳೆಯಾಗಿ ಸುಲಿದರು. ಮೊದಲ ಹೋಳನ್ನು ಚೂರಿಯ ತುದಿಯಲ್ಲಿ ಚುಚ್ಚಿ ನನ್ನ ಮುಂದೆ ಹಿಡಿದರು.

“ಉಪ್ಪು ಬೇಕಾ?” ಎಂದು ಕೇಳಿದರು.

“ಬೇಕು” ಎಂದೆ.