ಮಗ್ಗದ ಮನೆಗೆ ಪಿಯಾನೊ

ನಾನು ಆರತಕ್ಷತೆಗಳಲ್ಲಿ ಕೀಬೋರ್ಡ್ ನುಡಿಸುವವಳು. ಸ್ಟೇಜ್ ಪಿಯಾನೊ ಕೊಳ್ಳಲು ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿದ್ದೆ. ಅಂಗಡಿಯವರು ಹಗುರವಾದದ್ದೊಂದನ್ನು ತೋರಿಸಿದರು. ಬೆರಳಿಗೆ ಹಿತವಾಗಿತ್ತು, ಆದರೆ ಒಳಗೆ ಸ್ಪೀಕರ್ ಇರಲಿಲ್ಲ.

"ಮನೇಲಿ ಹೆಡ್‌ಫೋನ್ ಹಾಕ್ಕೊಳ್ಳಿ ಮೇಡಂ, ಸಾಕು."

"ಎಲ್ಲಿ ಸಾಕಾಗುತ್ತೆ ಸಾರ್? ನಮ್ದು ಮಗ್ಗದ ಮನೆ. ಜೋರಾಗಿ ಕೇಳ್ಸೋ ಸ್ಪೀಕರ್ ಇರೋದೇ ಕೊಡಿ," ಎಂದು ಹಟ ಹಿಡಿದೆ.

ಚಿಕ್ಕಂದಿನಿಂದ ನಾನು ನುಡಿಸಿದ್ದೆಲ್ಲ ಪವರ್‌ಲೂಮುಗಳ ಸದ್ದಿನ ನಡುವೆಯೇ. ಆ ಗದ್ದಲದಲ್ಲಿ ಮಾತು ಕೇಳಿಸದ ಕಾರಣ ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದೂ ಕೈಸನ್ನೆಯಲ್ಲೇ. ಮಗ್ಗದ ಪಕ್ಕ ನಿಂತ ಅಪ್ಪ ಅಂಗೈ ಮೇಲೆತ್ತಿ ತೋರಿಸುತ್ತಿದ್ದರು: ಇನ್ನೂ ಜೋರಾಗಿ.

ಭಾರದ ಪಿಯಾನೊವನ್ನು ಮನೆಯೊಳಗೆ ತಂದು ಇಳಿಸುವಾಗಷ್ಟೇ ನನ್ನ ಬುದ್ಧಿಗೆ ಹೊಳೆಯಿತು. ಅದನ್ನಿಡಲು ಜಾಗವಾಗಿದ್ದೇ ಈ ಯುಗಾದಿಗೆ ಮೊದಲು ಮಗ್ಗಗಳನ್ನು ಮಾರಿದ್ದರಿಂದ. ಅವುಗಳ ಬೋಲ್ಟಿನ ತೂತುಗಳು ಇನ್ನೂ ನೆಲದಲ್ಲಿದ್ದವು.

ಹಳೇ ಅಭ್ಯಾಸದಂತೆ ಸೌಂಡನ್ನು ಪೂರ್ತಿ ಏರಿಸಿ ನುಡಿಸಿದೆ. ಖಾಲಿ ಮನೆ ಅದುರಿತು. ಅಪ್ಪ ಬಾಗಿಲಿಗೆ ಬಂದರು. ನಾನು ಕೈ ತೆಗೆದೆ. ಈಗ ಪಿಸುಗುಟ್ಟಿದ್ದರೂ ಕೇಳಿಸುತ್ತಿತ್ತು. ಆದರೂ ಅವರು ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ ತೋರಿಸಿದರು.