ಕ್ಲೈವ್ ಸಾಹೇಬನ ಮುಚ್ಚಿದ ಬಾಯಿ

ಕಲ್ಕತ್ತೆಯಲ್ಲಿ ಮಣ್ಣಿನ ಮೂರ್ತಿ ಮಾಡುವವರ ಕೇರಿಯಾದ ಕುಮಾರಟುಲಿಯಲ್ಲಿ ನಫರ ಪಾಲ ಮದುವೆಗೆ ಮುಂಚಿನಿಂದಲೂ ದುರ್ಗಾಪೂಜೆಯ ಮಹಿಷಾಸುರನ ಮುಖವನ್ನೇ ತಿದ್ದುತ್ತ ಬಂದವನು. ದುರ್ಗೆಯ ಮುಖ ಅಣ್ಣ ದಾಶರಥಿಯ ಸ್ವತ್ತು. ಬಂದವರೆಲ್ಲ ದೇವಿಗೆ ಕೈಮುಗಿದು ಹೋಗುವವರೇ. ಕಾಲಡಿ ಬಿದ್ದವನನ್ನು ಕೇಳುವವರು ಯಾರು? ಒಂದು ಸಲ, ಒಂದೇ ಒಂದು ಸಲ ತಾಯಿಯ ಮುಖ ಮಾಡಬೇಕೆಂದು ನಫರನ ಜೀವ ಹಾತೊರೆಯುತ್ತಿತ್ತು.

ಬಿಳಿಯರು ಗಂಟುಮೂಟೆ ಕಟ್ಟಿದ ವರ್ಷ ಬೀದಿಯ ಸಂಘದವರಿಗೆ ಎಲ್ಲಿಲ್ಲದ ಹುರುಪು. ಈ ಸಲ ಅಸುರನ ಜಾಗದಲ್ಲಿ ಪ್ಲಾಸಿಯ ಕ್ಲೈವ್ ಸಾಹೇಬನೇ ಬೀಳಬೇಕಂತೆ, ಕೆಂಪು ಕೋಟಿನ ಸಮೇತ!

"ದಶಮಿವರೆಗೆ ಒಂದೂ ತಕರಾರು ಬರ್ದೇ ಇದ್ರೆ, ಬರೋ ವರ್ಷ ಅಮ್ಮನ ಮುಖ ನಿಂದು ಕಣೋ," ಎಂದ ದಾಶರಥಿ.

ನಫರ ಹಳೆಯ ಶಾಲಾಪುಸ್ತಕದ ಚಿತ್ರ ಮುಂದಿಟ್ಟುಕೊಂಡು ಕೂತ. ಊದಿದ ಕೆನ್ನೆ, ಜೋಲು ಗಲ್ಲ, ಲೋಕವೆಲ್ಲ ತನ್ನಪ್ಪನ ಮನೆಯದೆಂಬಂತೆ ಬಿಗಿದ ತುಟಿ. ಇದ್ದದ್ದನ್ನು ಇದ್ದ ಹಾಗೇ ತಿದ್ದಿದ. ಜನ ಮೊದಲ ಸಲ ಕಾಲಡಿ ನೋಡಿದರು. "ಅಯ್ಯೋ, ಥೇಟ್ ನಮ್ಮ ಬೀಗರೇ!" ಎಂದು ಒಬ್ಬಳು ನಕ್ಕಾಗ ನಫರ ಹಿಗ್ಗಿ ಹೀರೇಕಾಯಿಯಾದ.

ದಶಮಿಯ ದಿನ ವಕ್ಕರಿಸಿತು ನೋಡಿ ಗ್ರಹಚಾರ! ಮುತ್ತೈದೆಯರು ಸಂದೇಶ್ ಮಿಠಾಯಿಯ ತಟ್ಟೆ ಹಿಡಿದು ಬೀಳ್ಕೊಡಲು ಬಂದರು. ದೇವಿಯ ತುಟಿಗೆ ಸಿಹಿ ಮುಟ್ಟಿಸಿಯಾಯಿತು. ಆಮೇಲೆ ಪದ್ಧತಿಯಂತೆ ಅಸುರನ ಬಾಯಿಗೂ ತುರುಕಬೇಕು. ಪ್ರತಿ ವರ್ಷದ ಅಸುರ ಬಾಯಿ ತೆರೆದೇ ಇರುತ್ತಿದ್ದ; ಇವನಿಗೆ ಬಾಯೆಲ್ಲಿದೆ? ಮಿಠಾಯಿ ತುಟಿಗೆ ತಾಗಿ ಕೋಟಿನ ಮೇಲೆ ಉದುರಿತು.

"ಇನ್ನೂರು ವರ್ಷ ನಮ್ಮನ್ನ ತಿಂದೋನಿಗೆ ಇವತ್ತು ಬಾಯಿಲ್ವಾ?" ಎಂದಳು ಒಬ್ಬಳು.

"ಯಾರೇ ಆಗ್ಲಿ, ಹಸ್ಕೊಂಡು ಹೋದ್ರೆ ಬೀದಿಗೆ ಒಳ್ಳೇದಾಗುತ್ತೇನ್ರೇ?" ಎಂದು ಇನ್ನೊಬ್ಬಳು ರೇಗಿದಳು.

ದಾಶರಥಿ ಕಣ್ಣು ಕೆಂಪಗೆ ಮಾಡಿದ. "ಬಂತಲ್ಲೋ ತಕರಾರು!"

ವಿಸರ್ಜನೆಯ ಮಂತ್ರ ಮುಗಿದಿತ್ತು. ಇನ್ನು ಮೂರ್ತಿಯನ್ನು ಮುಟ್ಟಿದರೆ ದೋಷವಿಲ್ಲ. ನಫರ ಬಿದಿರ ಚಕ್ಕೆಯಿಂದ ಸಾಹೇಬನ ತುಟಿ ಕಿತ್ತ. ಒಳಗಿನ ಹುಲ್ಲು ಈಚೆ ಬಂತು. ಹೆಂಗಸರು ಬಿದ್ದು ಬಿದ್ದು ನಗುತ್ತ ಆ ತೂತಿಗೆ ಸಿಹಿ ಗಿಡಿದರು. ನಫರನಿಗೆ ಮಾತ್ರ ಅಳು ಒತ್ತರಿಸಿ ಬಂತು.

ಅವನ ಹೆಂಡತಿ ಕ್ಷೀರೋದಾ ಭಾವ ದಾಶರಥಿಯ ಜೊತೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಮುಸುಕು ಎಳೆದುಕೊಂಡು ಕ್ಲೈವನನ್ನೇ ತರಾಟೆಗೆ ತೆಗೆದುಕೊಂಡಳು:

"ಏನ್ ಸಾಹೇಬ್ರೇ, ಅಸುರನ ಬಾಯಿ ಮುಚ್ಚಿದ್ದು ತಪ್ಪು, ಒಪ್ದೆ. ಅಮ್ಮನ ಬಾಯಿ ಮುಚ್ಚೇ ಇರ್ಬೇಕಲ್ವಾ? ಅಷ್ಟು ಚೆಂದ ತುಟಿ ತಿದ್ದೋ ಕೈಗೆ ಸಾಯೋವರೆಗೂ ರಾಕ್ಷಸರೇ ಗತಿನಾ? ನಿಮ್ಮ ಪಕ್ಕ ನಿಂತಿದಾರಲ್ಲ, ಅವರನ್ನ ಸ್ವಲ್ಪ ಕೇಳಿ!"

ಸಾಹೇಬನಿಗೋ ಬಾಯ್ತುಂಬ ಸಿಹಿ. ದಾಶರಥಿ ಬಗ್ಗಿ, ಉದುರಿದ್ದ ತುಟಿಯ ಚೂರನ್ನು ಎತ್ತಿಕೊಂಡ. ಹೆಬ್ಬೆರಳಿನಿಂದ ಸವರಿ ನೋಡಿದ.

"ಬರೋ ವರ್ಷ ಅಮ್ಮನ ಕಣ್ಣು ನಾನೇ ಬರೀತೀನಿ," ಎಂದ ಕೊನೆಗೆ, ತಮ್ಮನ ಕಡೆ ತಿರುಗದೆ. "ತುಟಿ ನೀನ್ ಮಾಡು."