ಒಂಬತ್ತು ಕಂಬ ಹಿಂದೆ

ಇದನ್ನು ನೀವು ನಂಬುವುದಿಲ್ಲ. ನಡೆದದ್ದು ನನಗೇ ಆದರೂ ಅರ್ಧವನ್ನು ನಾನೇ ನಂಬಿಲ್ಲ. ಉಳಿದರ್ಧ ನಾನು ಸೇರಿಸಿದ್ದು ಎಂದು ಗೆಳೆಯರು ಹೇಳುತ್ತಾರೆ. ಹೊಟ್ಟೆಕಿಚ್ಚಿನವರು.

ಬಳ್ಳಾರಿಯ ನಮ್ಮ ಪಿಯು ಕಾಲೇಜಿನ ಐದು ಕಿಲೋಮೀಟರ್ ಓಟದ ತಂಡಕ್ಕೆ ನಾಲ್ವರು ಬೇಕಾಗಿದ್ದರು. ಮೊದಲ ಸಲ ಆರು ಜನ ಓಡಿದೆವು. ನಾನು ಆರನೆಯವನು. ಐದನೆಯವನು ಓಟ ಮುಗಿಸಿ, ಚಹಾ ಕುಡಿದು, ತಲೆ ಬಾಚಿಕೊಂಡ ಮೇಲೆ ನಾನು ಬಂದೆ. ತೊಂದರೆ ಏನೆಂದರೆ, ತಂಡದಲ್ಲಿದ್ದೇನೆ ಎಂದು ಅಪ್ಪನೊಬ್ಬರನ್ನು ಬಿಟ್ಟು ನಮ್ಮ ಗಾಂಧಿನಗರಕ್ಕೆಲ್ಲ ನಾನು ಆಗಲೇ ಸಾರಿಬಿಟ್ಟಿದ್ದೆ. ಕೌಲ್ ಬಜಾರಿನ ದರ್ಜಿಯ ಹತ್ತಿರ ಜರ್ಸಿಯ ಬೆನ್ನಿಗೆ ನನ್ನ ಹೆಸರನ್ನೂ ಹೊಲಿಸಿಕೊಂಡಿದ್ದೆ. ಅಕ್ಷರಗಳು ಎಷ್ಟು ದೊಡ್ಡವೆಂದರೆ ಕೋಟೆ ಗುಡ್ಡದ ಮೇಲೆ ನಿಂತವರೂ ಓದಬಹುದಿತ್ತು.

ಪಿಟಿ ಮೇಷ್ಟ್ರು ಜರ್ಸಿ ನೋಡಿದರು, ನನ್ನ ಮುಖ ನೋಡಿದರು.

"ದಸರಾ ರಜೆ ಮುಗಿದ ಮ್ಯಾಲ ಇನ್ನೊಂದು ಸಲ ಓಡಸ್ತೀನಿ. ಅಲ್ಲೀತನ ನಿನಗಿಂತ ಜೋರು ಓಡೋರ ಜೊತಿ ಓಡು. ಅಂಥೋರನ್ನ ಹುಡುಕೋದು ನಿನಗೇನು ಕಷ್ಟ ಆಗಂಗಿಲ್ಲ ಬಿಡು."

ಕುರುಗೋಡಿನಲ್ಲಿ ದೊಡ್ಡಮ್ಮನ ಮಗಳು, ಅಂದರೆ ನನ್ನ ಅಕ್ಕ, ಪೊಲೀಸ್ ಪೇದೆ ಪರೀಕ್ಷೆಗೆಂದು ದಿನಾ ಬೆಳಿಗ್ಗೆ ಓಡುತ್ತಿದ್ದಳು. ಆದರೆ ನಮ್ಮ ಅಪ್ಪನ ಕಟ್ಟಪ್ಪಣೆ ಒಂದಿತ್ತು: ಲೆಕ್ಕದಲ್ಲಿ ಪಾಸಾಗುವ ತನಕ ಮೈದಾನದ ಕಡೆ ತಲೆ ಹಾಕಿಯೂ ಮಲಗುವಂತಿಲ್ಲ. ಹಾಗಾಗಿ, "ಅಕ್ಕನ ಹತ್ರ ಲೆಕ್ಕ ಹೇಳಿಸ್ಕೊಂಡು ಬರ್ತೀನಪ್ಪಾ" ಎಂದೆ. ಅಪ್ಪ ಬಸ್ ಕಂಡಕ್ಟರು, ಗುಂತಕಲ್ ಲೈನು. ಆ ಖುಷಿಗೆ ತಾವೇ ಬಂದು ನನ್ನನ್ನು ಕುರುಗೋಡು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದರು. ನನಗೆ ಸ್ವಲ್ಪ ಪಾಪ ಅನ್ನಿಸಿತು. ಬಸ್ಸು ಹೊರಟ ಮೇಲೆ ಹೋಯಿತು.

ಅಕ್ಕನ ಜೊತೆ ಓಡಲು ಸಿರಿಗೇರಿಯಿಂದ ಒಬ್ಬಳು ಗೆಳತಿ ಸ್ಕೂಟಿಯಲ್ಲಿ ಬರುತ್ತಿದ್ದಳು. ಇಬ್ಬರೂ ಸಿರಿಗೇರಿ ಕಡೆಯ ರಸ್ತೆ ಹಿಡಿದರೆ ಹಿಂದೆ ತಿರುಗುವವರಲ್ಲ, ನಿಲ್ಲುವವರಲ್ಲ, ಬಾಯಿ ಮುಚ್ಚುವವರಂತೂ ಅಲ್ಲವೇ ಅಲ್ಲ. ನನಗೆ ಉಸಿರು ಎಳೆದುಕೊಳ್ಳಲೂ ಬಿಡುವಿಲ್ಲ. ಅವರು ಊರ ಸುದ್ದಿಯನ್ನೆಲ್ಲ ಮಾತಾಡಿಕೊಂಡು ಓಡುತ್ತಿದ್ದರು.

ಮೊದಲ ದಿನ ನಾನು ಒಂಬತ್ತು ಲೈಟ್ ಕಂಬ ಹಿಂದೆ ಉಳಿದೆ.

"ಲೆಕ್ಕ ಕಲಿಯಾಕ ಬಂದೀಯಲ್ಲ ತಮ್ಮಾ," ಎಂದಳು ಗೆಳತಿ, "ಒಂಬತ್ತರಾಗ ಒಂಬತ್ತು ಕಳದ್ರ ಎಷ್ಟು? ಅಷ್ಟಾಗೋತನ ಓಡು."

ಇನ್ನೊಂದು ಕಾಟ ರಸ್ತೆಯದು. ನಮ್ಮ ಕಡೆ ರಸ್ತೆ ಬದಿಯಲ್ಲಿ ಒಬ್ಬ ಓಡುತ್ತಿದ್ದಾನೆಂದರೆ ಬಸ್ಸು ತಪ್ಪಿಸಿಕೊಂಡಿದ್ದಾನೆ ಎಂದೇ ಅರ್ಥ. ಅವರಿಬ್ಬರನ್ನು ಒಂದು ವರ್ಷದಿಂದ ನೋಡಿದವರು ಸುಮ್ಮನಿರುತ್ತಿದ್ದರು. ನಾನು ಹೊಸಬ. ನನ್ನನ್ನು ಕಂಡರೆ ಎತ್ತಿನ ಬಂಡಿಯವರು ಮುಂದಿನ ಬಸ್ಸಿಗೆ ಸಿಳ್ಳೆ ಹೊಡೆಯುತ್ತಿದ್ದರು, ಬೈಕಿನವರು ಹಿಂದಿನ ಸೀಟು ಒರೆಸುತ್ತಿದ್ದರು. ಒಂದು ದಿನ ಬಸ್ಸೊಂದು ನಿಂತೇಬಿಟ್ಟಿತು. ಒಳಗಿದ್ದ ನಲವತ್ತು ಜನವೂ (ನಾಲ್ಕೇ ಇರಬಹುದು) "ಬರ್ರಿ, ಬರ್ರಿ, ಹತ್ರಿ" ಎಂದು ಕೈ ಚಾಚಿದರು. "ನಾ ಸುಮ್ನ ಓಡಾಕತ್ತೀನ್ರಿ" ಎಂದರೆ ಒಬ್ಬ ಅಜ್ಜಿ ಕರುಣೆಯಿಂದ ನೋಡಿ, "ಯಾರ್ದರ ಮಗನೋ ಏನೋ ಪಾಪ, ತಲಿ ಕೆಟ್ಟೈತಿ" ಎಂದಳು.

ಹೀಗೇ ಇದ್ದಿದ್ದರೆ ನಾನು ಮೂರನೆಯ ದಿನವೇ ಓಡಿಹೋಗುತ್ತಿದ್ದೆ, ಬಳ್ಳಾರಿಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪ್ಯಾಂಟು.

ಆ ವಾರ ಅಕ್ಕನನ್ನು ನೋಡಲು ಗಂಡಿನವರು ಬಂದುಹೋಗಿದ್ದರು. ಅದನ್ನು ಅವಳು ಓಡುತ್ತ ಗೆಳತಿಗೆ ಹೇಳುತ್ತಿದ್ದಳು. ಗಾಳಿಯಲ್ಲಿ ತೇಲಿ ಬಂದದ್ದಿಷ್ಟು:

"ಅಡಿಗಿ ಮಾಡಾಕ ಬರ್ತೈತೇನವ್ವಾ ಅಂದ್ರು. ಬರ್ತೈತ್ರಿ, ನಿಮ್ ಮಗಗ ಓಡಾಕ ಬರ್ತೈತೇನ್ರಿ ಅಂದೆ. ಅವ ನಕ್ಕಂತ ಕೆಳಗ ಕುಂದ್ರಾಕ ಹೋದ ನೋಡು, ಅವನ ಪ್ಯಾಂಟು..."

ಅಷ್ಟೇ. ಅವರು ಮುಂದೆ ಹೋದರು. ಪ್ಯಾಂಟಿಗೆ ಏನಾಯಿತು? ಮನೆಯಲ್ಲಿ ಕೇಳಿದರೆ, "ಓಡ್ಬೇಕಾದ್ರ ಹೇಳಿದ್ದನ್ನ ಓಡ್ಬೇಕಾದ್ರನ ಕೇಳ್ಬೇಕು" ಎಂದು ಅಕ್ಕ ರೊಟ್ಟಿ ತಟ್ಟುತ್ತ ಕುಳಿತಳು. ಮರುದಿನ ಏಳು ಕಂಬದ ದೂರದಿಂದ "ತಟ್ಟಿ" ಎಂಬುದೊಂದು ಕೇಳಿಸಿತು. ಐದು ಕಂಬದ ದೂರದಿಂದ "ಉಪ್ಪಿಟ್ಟು". ಪ್ಯಾಂಟಿಗೂ ಉಪ್ಪಿಟ್ಟಿಗೂ ಏನು ಸಂಬಂಧ? ನಾನು ರಾತ್ರಿ ಊಟ ಬಿಟ್ಟೆ. ಸುಳ್ಳು, ಎರಡು ರೊಟ್ಟಿ ಕಡಿಮೆ ತಿಂದೆ. ನಾನು ಹತ್ತಿರ ಬಂದಷ್ಟೂ ಆ ಇಬ್ಬರು ಕಥೆಯನ್ನು ಅಲ್ಲೇ ನಿಲ್ಲಿಸಿ ಕಾಲಿಗೆ ಕೆಲಸ ಕೊಡುತ್ತಿದ್ದರು.

ರಜೆಯ ಕೊನೆಯ ದಿನ ಕಣ್ಣು ಕತ್ತಲೆ ಬಂದರೂ ಬಿಡಲಿಲ್ಲ. ಎರಡು ಕಂಬ, ಒಂದು ಕಂಬ, ಆಮೇಲೆ ಅಕ್ಕನ ಜಡೆ ಕೈಗೆ ಸಿಗುವಷ್ಟು ಹತ್ತಿರ.

"ಪ್ಯಾಂಟಿಗೆ ಏನಾತು ಹೇಳಕ್ಕಾ!"

"ಹರೀತು!" ಎಂದಳು. "ಉಪ್ಪಿಟ್ಟಿನ ತಟ್ಟಿ ಹಿಂದ ಅಡ್ಡ ಹಿಡ್ಕೊಂಡು ಕಾರಿನ ತನಕ ಹಿಂದಕ್ಕ ಹಿಂದಕ್ಕ ನಡದ. ನಮ್ಮ ತಟ್ಟಿ ಇನ್ನಾ ವಾಪಸ್ ಬಂದಿಲ್ಲ."

ಮೂವರೂ ರಸ್ತೆ ಬದಿಯಲ್ಲಿ ಕುಳಿತು ನಕ್ಕೆವು. ಆಗಲೂ ಒಬ್ಬ ಬೈಕು ನಿಲ್ಲಿಸಿ, "ಬಸ್ ಹೋತೇನು?" ಎಂದ.

ಬಳ್ಳಾರಿಗೆ ಬಂದೆ. ಕಾಲೇಜಿನ ಮೈದಾನದಲ್ಲಿ ಯಾರದೋ ಮದುವೆಯ ಪೆಂಡಾಲ್ ಎದ್ದಿದ್ದರಿಂದ, ಭಾನುವಾರ ಬೆಳಿಗ್ಗೆ ಸಿರುಗುಪ್ಪ ರಸ್ತೆಯಲ್ಲಿ ಓಡಿಸುತ್ತೇನೆ ಎಂದರು ಮೇಷ್ಟ್ರು. ಊರ ಹೊರಗೆ ಐದು ಕಿಲೋಮೀಟರಿನಿಂದ ಶುರು, ಊರು ಮುಟ್ಟುವಲ್ಲಿ ಒಂದು ಬೇವಿನ ಮರದ ಹತ್ತಿರ ಸುಣ್ಣದ ಗೆರೆ. ಯಾರಾದರೂ ನೋಡಿ ಅಪ್ಪನಿಗೆ ಹೇಳಿದರೆ? ಅದಕ್ಕೂ ನನ್ನ ತಲೆ ಓಡಿತು. "ಸಿರುಗುಪ್ಪ ರಸ್ತಿಯಾಗ ಮೇಷ್ಟ್ರ ಮನ್ಯಾಗ ಲೆಕ್ಕದ ಸ್ಪೆಷಲ್ ಕ್ಲಾಸಪ್ಪಾ" ಎಂದೆ. ಅಪ್ಪ ನನ್ನ ತಲೆ ಸವರಿದರು. ಅವರ ಬಸ್ಸು ಹೇಗೂ ಗುಂತಕಲ್ ಕಡೆ.

ಆರು ಜನ ಹೊರಟೆವು. ಮುಂದಿನವನ ಹತ್ತಿರ ಒಂದು ಹರಿದ ಪ್ಯಾಂಟಿನ ಕಥೆ ಇದೆ ಎಂದುಕೊಂಡು ಓಡಿದೆ. ಐದನೆಯವನನ್ನು ದಾಟಿದೆ. ಅರ್ಧ ದಾರಿಯಲ್ಲಿ ನಾಲ್ಕನೆಯವನನ್ನು ದಾಟಿದೆ. ದೂರದಲ್ಲಿ ಬೇವಿನ ಮರ, ಪಟ್ಟಿ ಹಿಡಿದು ನಿಂತ ಮೇಷ್ಟ್ರು. ಇನ್ನು ನಾಲ್ಕೇ ಕಂಬ. ನಾನು ನಾಲ್ಕನೆಯವನು! ಜರ್ಸಿಗೂ ಜೀವನಕ್ಕೂ ಕೊನೆಗೆ ಹೊಂದಾಣಿಕೆ ಆಗುವುದರಲ್ಲಿತ್ತು.

ಹಿಂದಿನಿಂದ ಹಾರ್ನ್ ಕೇಳಿಸಿತು. ಆಮೇಲೆ ಸೀಟಿ. ಆ ಸೀಟಿ ನಾನು ಹುಟ್ಟಿದಾಗಿನಿಂದ ಕೇಳಿದ್ದು.

ಬಸ್ಸು ನನ್ನ ಪಕ್ಕಕ್ಕೆ ಬಂದು ನಿಂತಿತು. ಬಾಗಿಲಿನಿಂದ ಅಪ್ಪ ಜಿಗಿದರು. ಅವತ್ತೊಂದು ದಿನ ಯಾರೋ ರಜೆ ಹಾಕಿದ್ದಕ್ಕೆ ಅವರನ್ನು ಸಿರುಗುಪ್ಪ ಲೈನಿಗೆ ಹಾಕಿದ್ದರು.

"ಲೇ, ಕ್ಲಾಸಿಗೆ ಹೊತ್ತಾತೇನೋ? ಬಸ್ ತಪ್ಪಿದ್ರ ಹಿಂಗ ಓಡ್ತಾರೇನೋ, ನಿಂತ್ಕೊಂಡು ಕೈ ಮಾಡ್ಬಾರ್ದಾ? ಎಕ್ಕರಾ, ಹತ್ತು!"

ಗುಂತಕಲ್ ಲೈನಿನ ಪುಣ್ಯ, ಅಪ್ಪನಿಗೆ ಗಾಬರಿಯಾದರೆ ತೆಲುಗು ಬರುತ್ತದೆ. ನಿಜ ಹೇಳಿದರೆ ಲೆಕ್ಕದ ಸುಳ್ಳು ಒಡೆಯುತ್ತದೆ. ಹತ್ತಿದರೆ ತಂಡ ಹೋಗುತ್ತದೆ. ಯಾವುದೆಂದು ಯೋಚಿಸುವಷ್ಟರಲ್ಲಿ ಅಪ್ಪ ರಟ್ಟೆ ಹಿಡಿದು ಮೇಲಕ್ಕೆಳೆದಾಗಿತ್ತು. ರೈಟ್! ಮೂರನೆಯವನು, ಎರಡನೆಯವನು, ಮೊದಲನೆಯವನು, ಎಲ್ಲರೂ ಕಿಟಕಿಯಲ್ಲಿ ಹಿಂದಕ್ಕೆ ಸರಿದರು. ಸುಣ್ಣದ ಗೆರೆಯನ್ನು ಅವತ್ತು ಎಲ್ಲರಿಗಿಂತ ಮೊದಲು ದಾಟಿದವನು ನಾನೇ, ಬೇಕಾದರೆ ಬಸ್ಸಿನವರನ್ನು ಕೇಳಿ.

"ಅವ್ರೇ ಏನೋ ನಿಮ್ ಮೇಷ್ಟ್ರು?" ಎಂದು ಅಪ್ಪ ಮತ್ತೆ ಸೀಟಿ ಊದಿ, ಮರದ ಕೆಳಗೆ ಬಸ್ಸು ನಿಲ್ಲಿಸಿ, ನನ್ನನ್ನು ಇಳಿಸಿ, ಮೇಷ್ಟ್ರಿಗೆ ಕೈ ಮುಗಿದರು.

"ಸರ್, ನಮ್ಮ ಹುಡುಗ. ನಿಮ್ಮ ಲೆಕ್ಕದ ಕ್ಲಾಸಿಗೆ ತಡ ಆಗಬಾರ್ದಂತ ನಾನ ಹತ್ತಿಸ್ಕೊಂಡು ಬಂದೀನ್ರಿ."

ಮೇಷ್ಟ್ರು ಕೈಗಡಿಯಾರ ನೋಡಿದರು. ನನ್ನ ಬೆನ್ನ ಮೇಲಿನ ಹೆಸರು ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಅಪ್ಪನನ್ನು ಕೇಳಿದರು:

"ಲೆಕ್ಕದ ಕ್ಲಾಸೇನ್ರಿ?"